ನೋಡ್ಕೋ, ದೇವಾ

ಕಳೆದ ವಾರ ಮುಂಡರಗಿಯಲ್ಲಿ ತಂಗಿಯ ಮಗಳ ನಿಶ್ಚಯ ಮುಗಿಸಿಕೊಂಡು ಬಸ್ ನಿಲ್ದಾಣದಲ್ಲಿ ಕುಳಿತಿದ್ದೆ. ಪಕ್ಕದ ಅಂಗಡಿಯವನು ಕಾದ ಎಣ್ಣೆಗೆ ಮೆಣಸಿನಕಾಯಿ ಬಿಟ್ಟ. ಹಿಟ್ಟು ಸರಿಯಾಗಿ ಹತ್ತದ ಒಂದು ಕಾಯಿ ಸಿಡಿದಿರಬೇಕು, ಘಾಟು ಎದ್ದು ಬೆಂಚಿನ ಮೇಲಿದ್ದವರೆಲ್ಲ ಕೆಮ್ಮಿದರು. ತುದಿಯಲ್ಲಿ ಕುಳಿತಿದ್ದ ಮುದುಕನೊಬ್ಬನ ಕೆಮ್ಮು ಮಾತ್ರ ನಿಲ್ಲಲಿಲ್ಲ. ಪಕ್ಕದ ಹೆಂಗಸು ಮಗುವನ್ನು ಎಳೆದುಕೊಂಡು, ಸೆರಗು ಮೂಗಿಗೆ ಹಿಡಿದು, ಎದ್ದು ಆಚೆ ಹೋದಳು. ಮುದುಕ ಏನೋ ಕದ್ದು ಸಿಕ್ಕಿಬಿದ್ದವನ ಹಾಗೆ ತಲೆ ತಗ್ಗಿಸಿದ. ನನ್ನ ಮೈ ಉರಿಯಿತು. ಹೋಗಿ ಅವನ ಮಗ್ಗುಲಿಗೆ ಭುಜ ತಾಗುವಂತೆ ಕುಳಿತೆ. ಗದಗಿನ ಬಸ್ಸು ಬಂದು ಹೋಯಿತು, ಏಳಲಿಲ್ಲ. ಆ ಹೆಂಗಸು ನನ್ನನ್ನು ನೋಡಿದಾಗ ನಾನೂ ಅವಳನ್ನು ನೋಡಿದೆ. ನನ್ನ ನೋಟ ಒಳ್ಳೆಯದಲ್ಲ ಎಂದು ಮನೆಯವರು ಹೇಳುತ್ತಾರೆ.

ಆ ಘಾಟು, ಆ ಸೆರಗು. ಬೆಟಗೇರಿಯ ಆ ಒಂದು ವರ್ಷ ಇದ್ದಕ್ಕಿದ್ದಂತೆ ಎದುರಿಗೆ ಬಂದು ನಿಂತಿತು.

ನನ್ನ ಹೆಸರು ಕೃಪಾವತಿ. ಶಿರಹಟ್ಟಿಯಲ್ಲಿ ಹುಟ್ಟಿ ಬೆಟಗೇರಿಗೆ ಮದುವೆಯಾಗಿ ಬಂದವಳು. ಹೆಸರಿಟ್ಟ ಅಪ್ಪ ಬಹಳ ಒಳ್ಳೆಯವನು, ಮಗಳ ಸ್ವಭಾವ ಅವನಿಗಿನ್ನೂ ಗೊತ್ತಿರಲಿಲ್ಲ. ವೈರಿಗಳನ್ನು ಪ್ರೀತಿಸಬೇಕೆಂದು ಸಂಡೇ ಸ್ಕೂಲಿನ ಮಕ್ಕಳಿಗೆ ನಾನೇ ಕಲಿಸಿದ್ದೇನೆ. ನನಗೆ ಕೆಟ್ಟದ್ದು ಮಾಡಿದವರಾದರೆ ಹೇಗೋ ಹಲ್ಲು ಕಚ್ಚಿ ಪ್ರೀತಿಸಿಯೇನು. ಗಂಡನಿಗೆ ಕೆಟ್ಟದ್ದು ಮಾಡಿದವಳನ್ನು ಪ್ರೀತಿಸಿ ಬಿಡಲು ನನಗೆ ಯಾರು ಅಧಿಕಾರ ಕೊಟ್ಟರು?

ನನ್ನ ಗಂಡ ದೇವದಾನ. ಚಿಕ್ಕಂದಿನಿಂದ ಮಗ್ಗದ ಮುಂದೆ ಕುಳಿತು ಬೆಳೆದವನು, ಎದೆಯೊಳಗೆ ನೂಲಿನ ಧೂಳು ತುಂಬಿಕೊಂಡವನು. ಮಗ್ಗ ನಿಂತ ಮೇಲೆ ನಾವಿಬ್ಬರೂ ಬೆಟಗೇರಿಯ ಹಳೆಯ ಅರಳೆ ಗಿರಣಿಯ ಕಟ್ಟೆಯ ಮೇಲೆ ಮಿರ್ಚಿ ಭಜಿ ಮಾಡಲು ಕುಳಿತೆವು. ಮೆಣಸಿನಕಾಯಿ ಸೀಳಿ, ಜೀರಿಗೆ ಉಪ್ಪು ತುಂಬುವುದು, ಚಹಾ ಕುದಿಸುವುದು ಅವನ ಕೆಲಸ. ಕರಿಯುವುದು, ಗಿರಾಕಿಗಳ ಜೊತೆ ಬಾಯಿ ಮಾಡುವುದು ನನ್ನದು. ಹೊಂಬಳ, ಸೊರಟೂರಿನಿಂದ ಹತ್ತಿ ತುಂಬಿದ ಟ್ರ್ಯಾಕ್ಟರುಗಳು ಬಂದು ನಿಂತರೆ ನಮಗೆ ಉಸಿರಾಡಲು ಪುರುಸೊತ್ತಿರುತ್ತಿರಲಿಲ್ಲ. ಹಮಾಲರು ದೇವದಾನನ ಚಹಾ ಬೈಟು ಮಾಡಿ ಕುಡಿಯುವಾಗ ಅವನನ್ನೂ ಸೇರಿಸಿಕೊಳ್ಳುತ್ತಿದ್ದರು. ತಾನು ಕುದಿಸಿದ ಚಹಾ ತಾನೇ ಇನ್ನೊಬ್ಬರ ಗ್ಲಾಸಿನಿಂದ ಬಗ್ಗಿಸಿಕೊಂಡು ಕುಡಿಯುವುದು ಅವನಿಗೆ ಬಲು ಖುಷಿ. ಅವನ ಬದುಕಿನ ಮರ್ಯಾದೆಯೆಲ್ಲ ಆ ಅರ್ಧ ಗ್ಲಾಸಿನಲ್ಲಿತ್ತು.

ಅದೇ ಕಟ್ಟೆಯ ಇನ್ನೊಂದು ತುದಿಗೆ ಸಾರವ್ವ ಚುರಮುರಿ ಕಲಸಿ ಗಿರ್ಮಿಟ್ ಮಾರುತ್ತಿದ್ದಳು. ನಮ್ಮ ಸಭೆಯವಳೇ. ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳು ಲಕ್ಷ್ಮೇಶ್ವರದಲ್ಲಿ. ನನ್ನ ಎಣ್ಣೆ ಮುಗಿದರೆ ಆಕೆ ಕೊಡುತ್ತಿದ್ದಳು, ಆಕೆಯ ಚುರಮುರಿ ಮುಗಿದರೆ ನಾನು ಓಡುತ್ತಿದ್ದೆ.

ಅದು ಕೊರೊನಾ ಮುಗಿದ ಮರುವರ್ಷ. ಜನ ಮಾಸ್ಕು ಬಿಸಾಕಿದ್ದರು, ಕೆಮ್ಮಿನ ಭಯ ಬಿಸಾಕಿರಲಿಲ್ಲ. ಯುಗಾದಿಯ ಹೊತ್ತಿಗೆ ದೇವದಾನನ ಕೆಮ್ಮು ಜೋರಾಯಿತು. ಡಾಕ್ಟರು ಎದೆಯ ಫೋಟೋ ತೆಗೆಸಿ, ಕಫ ಪರೀಕ್ಷೆಗೆ ಬರೆದರು.

ನಮ್ಮಲ್ಲಿ ಪ್ರತಿ ಗುರುವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆಯ ಕೂಟ ನಡೆಯುತ್ತದೆ. ಚಾಪೆಯ ಮೇಲೆ ಸುತ್ತಲೂ ಕುಳಿತು ಒಬ್ಬೊಬ್ಬರೂ ತಮ್ಮ ಮನೆಯ ಕಷ್ಟ ಹೇಳಬೇಕು. ಮೊಮ್ಮಗನ ಪರೀಕ್ಷೆ, ಸೊಸೆಯ ಸಿಟ್ಟು, ಬಾರದ ನಳದ ನೀರು, ಯಾವುದೂ ಸಣ್ಣದಲ್ಲ. ದೇವರ ಶಕ್ತಿ ಆಕಾಶ ಭೂಮಿಗೆ ಎಷ್ಟೋ ನಮ್ಮ ಅಡಿಗೆಮನೆಗೂ ಅಷ್ಟೇ ಎಂದು ನಂಬಿ ಕೇಳುವವರು ನಾವು. ಹೇಳಿದ ಕಷ್ಟಕ್ಕೆ ಎಲ್ಲರೂ ಕಣ್ಣು ಮುಚ್ಚಿ ಬೇಡುತ್ತಾರೆ, ಆಮೆನ್ ಅನ್ನುತ್ತಾರೆ. ಒಂದೇ ಕಟ್ಟಳೆ. ಕೂಟದಲ್ಲಿ ಹೇಳಿದ್ದು ಹೊಸ್ತಿಲು ದಾಟಬಾರದು.

ಆ ಗುರುವಾರ ನಾನು ಬಾಯಿಬಿಟ್ಟೆ. "ನಮ್ಮ ಮನಿಯವರ ಕೆಮ್ಮು ಹೋಗವಲ್ದು. ಕಫ ಟೆಸ್ಟ್ ಮಾಡ್ಸು ಅಂದಾರ. ಟಿಬಿ ಇರಬಾರದು ಅಂತ ಬೇಡ್ಕೊಳ್ರಿ." ಎಲ್ಲರೂ ಬೇಡಿಕೊಂಡರು. ಸಾರವ್ವ ನನ್ನ ಕೈ ಹಿಡಿದು ಅತ್ತಳು ಕೂಡ.

ಪರೀಕ್ಷೆಯಲ್ಲಿ ಏನೂ ಬರಲಿಲ್ಲ. ಮಗ್ಗದ ಧೂಳು, ಹಳೆಯ ದಮ್ಮು ಅಷ್ಟೇ ಎಂದರು ಡಾಕ್ಟರು. ನಾನು ಕುಣಿದುಕೊಂಡು ಕಟ್ಟೆಗೆ ಬಂದರೆ ಕಟ್ಟೆಯ ಮುಂದೆ ಯಾರೂ ಇಲ್ಲ. ಎಲ್ಲ ಆ ತುದಿಯಲ್ಲಿ. ಸಾರವ್ವ ಹೊಸ ಬಾಣಲೆ ಇಟ್ಟು ಮಿರ್ಚಿ ಕರಿಯುತ್ತಿದ್ದಳು.

ಹೊಂಬಳದ ಹಮಾಲ ಯಲ್ಲಪ್ಪ ನಮ್ಮ ಕಾಯಂ ಗಿರಾಕಿ. ಅವನನ್ನು ತಡೆದು ಕೇಳಿದೆ. "ಯಾಕಪ್ಪಾ, ನಮ್ಮ ಕಡೆ ಕಾಲ ಇಡವಲ್ಲಿ?"

ಅವನು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡ. "ಸಿಟ್ಟಾಗಬ್ಯಾಡ್ರಿ ಅಕ್ಕಾರ. ಮನ್ಯಾಗ ಸಣ್ಣ ಹುಡುಗ್ರು ಅದಾವ. ದೇವದಾನಣ್ಣಗ ಟಿಬಿ ಐತಂತಲ್ರಿ."

"ಯಾರ್ ಹೇಳಿದ್ರು?"

"ಸಾರವ್ವನ ಹೇಳಿದ್ಲು. ನೀವ ಅಕಿ ಮುಂದ ಹೇಳಿ ಅತ್ತೀರಂತ."

ನಾನು ಪರೀಕ್ಷೆಯ ಮಾತು ಹೇಳಿದೆ, ಏನೂ ಇಲ್ಲವೆಂದೆ, ಕೂಗಿ ಹೇಳಿದೆ. ಹೆಂಡತಿ ಹೇಳಿದರೆ ಯಾರು ನಂಬುತ್ತಾರೆ? ಅವಳ ಹೊಟ್ಟೆಪಾಡು, ಹಾಗೇ ಅನ್ನುತ್ತಾಳೆ ಅಂದುಕೊಂಡರು. ಒಂದು ಸಂಜೆ ದೇವದಾನ ಎಂದಿನಂತೆ ಹಮಾಲರ ನಡುವೆ ಹೋಗಿ ನಿಂತ. ಅವರು ತಮ್ಮ ತಮ್ಮ ಗ್ಲಾಸು ಎದೆಗೆ ಹತ್ತಿರ ಹಿಡಿದುಕೊಂಡರು. ಅವನು ಮನೆಗೆ ನಡೆದ. ಮರುದಿನದಿಂದ ಕಟ್ಟೆಗೆ ಬರಲೇ ಇಲ್ಲ. ಮನೆಯಲ್ಲೇ ಗೋಡೆ ಕಡೆ ಮುಖ ಮಾಡಿ ಮೆಣಸಿನಕಾಯಿ ಸೀಳಿ ಕೊಡುತ್ತಿದ್ದ. ಕೆಮ್ಮು ಬಂದರೆ ಬಾಯಿಗೆ ದಿಂಬು ಒತ್ತಿಕೊಳ್ಳುತ್ತಿದ್ದ, ಓಣಿಗೆ ಕೇಳಬಾರದೆಂದು.

ಆ ದಿಂಬು ಕಂಡ ದಿನ ನಾನು ದೇವರ ಜೊತೆ ಕುಳಿತು ಮಾತಾಡಿದೆ. ಮೆತ್ತಗೆ ಮಾತಾಡಲಿಲ್ಲ. ಸಾರವ್ವಳ ನಾಲಗೆ ಸೀಳು ಅಂದೆ. ಬಾಣಲೆ ಬೋರಲಾಗಲಿ ಅಂದೆ. ಬೈಬಲ್ಲಿನ ಅರಸರು ವೈರಿಗಳ ಹಲ್ಲು ಮುರಿ ಎಂದು ಕೇಳಿದ್ದನ್ನು ನೀನು ಕೇಳಿಸಿಕೊಂಡಿದ್ದೀ, ಬೆಟಗೇರಿಯ ಬಡವಿ ಕೇಳಿದರೆ ಕಿವಿ ಮುಚ್ಚಬೇಡ ಅಂದೆ.

ಆದರೆ ಮನೆಯಲ್ಲಿ ಒಬ್ಬಳೇ ಬೇಡಿದ್ದಕ್ಕೆ ನನಗೆ ಸಮಾಧಾನವಿರಲಿಲ್ಲ. ಕೂಟದಲ್ಲೇ ಮೋಸವಾದದ್ದು, ಕೂಟದಲ್ಲೇ ಬೇಡಬೇಕು, ಇಷ್ಟು ಜನರ ಆಮೆನ್ ಅದರ ಮೇಲೆ ಬೀಳಬೇಕು. ತೊಂದರೆ ಏನೆಂದರೆ ಸಾರವ್ವಳೂ ಚಾಪೆಯ ಮೇಲೆ ಕುಳಿತಿರುತ್ತಾಳೆ, ಪಾಸ್ಟರ್ ಅಯ್ಯನವರೂ ಇರುತ್ತಾರೆ. ನಾಲಗೆ ಸೀಳು ಅನ್ನುವಂತಿಲ್ಲ. ಅದಕ್ಕೆ ಬೇರೆ ಮಾತು ಹುಡುಕಿದೆ. ನಮ್ಮ ಕಡೆ ಜಗಳದಲ್ಲಿ ಕೊನೆಯ ಮಾತು ಯಾವುದು? ತೋಳು ಏರಿಸಿ, "ನಿನ್ನ ನೋಡ್ಕೋತೀನಿ" ಅನ್ನುವುದು. ಗುರುವಾರ ನನ್ನ ಸರದಿ ಬಂದಾಗ ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲಿನ ಸಂದಿಯಿಂದ ಹೇಳಿದೆ. "ದೇವಾ, ನಮ್ಮ ಸಾರವ್ವನ್ನ ನೀನ ನೋಡ್ಕೋ. ನಾ ಏನೂ ಮಾಡಂಗಿಲ್ಲ, ನಿನ್ನ ಕೈಯಾಗ ಕೊಟ್ಟೀನಿ. ಚಂದಂಗ ನೋಡ್ಕೋ."

"ಆಮೆನ್," ಅಂದರು ಎಲ್ಲರೂ. ಸಾರವ್ವಳದು ಎಲ್ಲರಿಗಿಂತ ಜೋರು.

ಪ್ರತಿ ಗುರುವಾರ ಅದೇ. ನೋಡ್ಕೋ ದೇವಾ, ಮರೀಬ್ಯಾಡ, ಬಿಡಬ್ಯಾಡ ಅಕೀನ್ನ. ನನ್ನ ಧ್ವನಿ ನಡುಗುತ್ತಿತ್ತು, ಸಿಟ್ಟಿಗೆ. ಅದನ್ನೂ ಜನ ಬೇರೆಯೇ ತಿಳಿದುಕೊಂಡರು. ಒಂದು ಭಾನುವಾರ ಅಯ್ಯನವರು ಪ್ರಸಂಗದ ನಡುವೆ ನನ್ನ ಕಡೆ ಕೈ ತೋರಿಸಿದರು. ತನಗೆ ನಷ್ಟವಾದರೂ, ಪಕ್ಕದವಳ ಏಳಿಗೆಗೆ ವಾರವಾರವೂ ಕಣ್ಣೀರಿನಿಂದ ಬೇಡುವ ಸಹೋದರಿ ನಮ್ಮ ನಡುವೆ ಇದ್ದಾಳೆ ಎಂದರು. ಸಭೆಯೆಲ್ಲ ತಿರುಗಿ ನೋಡಿತು. ಬೆಂಚಿನ ಕೆಳಗೆ ತೂರಿಕೊಳ್ಳಬೇಕೆನಿಸಿತು. ಎದ್ದು ನಿಂತು ಹಾಗಲ್ಲರೀ ಅಯ್ಯನವರೇ, ನಾನು ಕೇಳಿದ್ದು ಬೇರೆ ಎಂದು ಹೇಳುವುದು ಹೇಗೆ?

ಅವರಾದರೂ ಮನುಷ್ಯರು. ದೇವರಿಗೇನಾಗಿತ್ತು? ಆ ಬೇಸಿಗೆಯಲ್ಲಿ ಸಾರವ್ವಳಿಗೆ ದೇವರು ಸುರಿದದ್ದೇ ಸುರಿದದ್ದು. ಯಳವತ್ತಿಯ ದೊಡ್ಡ ಮನೆಯ ಮದುವೆಗೆ ಮಿರ್ಚಿ ಕರಿಯಲು ಆಕೆಯನ್ನೇ ಕರೆದರು. ಕಟ್ಟೆಯ ಆ ತುದಿಗೆ ತಗಡಿನ ನೆರಳು ಬಂತು, ಸಂಬಳದ ಹುಡುಗಿ ಬಂದಳು. ನಾನು ಬಿಸಿಲಲ್ಲಿ ಕುಳಿತು ನನ್ನ ತಣ್ಣಗಾದ ಭಜಿಗಳ ಮೇಲಿನ ನೊಣ ಓಡಿಸುತ್ತಿದ್ದೆ.

ಒಂದು ದಿನ ಮನೆಗೆ ಬಂದು ಬುಟ್ಟಿ ಬಿಸಾಕಿದೆ. "ನೋಡ್ಕೋ ನೋಡ್ಕೋ ಅಂತ ಗಂಟ್ಲ ಹರ್ಕೊಂಡೆ. ಅಕಿ ನೋಡಿದ್ರ ಉಬ್ಬಿ ಹೊಂಟಾಳ."

ದೇವದಾನನಿಗೆ ನನ್ನ ಪ್ರಾರ್ಥನೆಯ ಗುಟ್ಟು ಆಗಲೇ ತಿಳಿದದ್ದು. ಕೆಮ್ಮು ಬರುವವರೆಗೆ ನಕ್ಕ. "ದೇವ್ರಿಗೆ ನಿನ್ನ ಜಗಳದ ಕನ್ನಡ ಬರಂಗಿಲ್ಲ ಲೇ. ಅಂವ ಖರೇನ ನೋಡ್ಕೊಳ್ಳಾಕ ಹತ್ಯಾನ." ದಿಂಬು ಒತ್ತಿಕೊಂಡಾಗಿನಿಂದ ಅವನು ನಕ್ಕದ್ದು ಅದೇ ಮೊದಲು. ನನಗೆ ನಗು ಬರಲಿಲ್ಲ.

ಮುಂಗಾರು ಹಿಡಿಯಿತು. ಕಪ್ಪತಗುಡ್ಡದ ಕಡೆಯಿಂದ ಗಾಳಿ ಬೀಸಿ, ಎರೆಹೊಲಗಳೆಲ್ಲ ಕೆಸರಾಗಿ, ಟ್ರ್ಯಾಕ್ಟರುಗಳ ಗಾಲಿಗೆ ಮಣ್ಣು ಮೆತ್ತಿಕೊಂಡು ಬರುವ ದಿನಗಳು. ಸಾರವ್ವ ಕೂಟಕ್ಕೆ ಬರಲಿಲ್ಲ. ಕಟ್ಟೆಗೂ ಬರಲಿಲ್ಲ, ಸಂಬಳದ ಹುಡುಗಿಯೂ ಬಿಟ್ಟು ಹೋದಳು. ಒಂದು ಮಧ್ಯಾಹ್ನ ನಮ್ಮ ಹಿತ್ತಲ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಸಾರವ್ವ. ಕುಪ್ಪಸ ಮೈಮೇಲೆ ಜೋಲುತ್ತಿತ್ತು, ಕೆನ್ನೆಯ ಎಲುಬು ಮುಂದೆ ಬಂದಿತ್ತು, ಬಾಯಿಗೆ ಸೆರಗು.

"ಒಳಗ ಬರಂಗಿಲ್ಲ," ಅಂದಳು. "ಇಲ್ಲೇ ನಿಂತು ಹೇಳ್ತೀನಿ. ನನಗ ಟಿಬಿ ಐತಂತ. ಆರು ತಿಂಗಳ ಗುಳಗಿ ಕೊಟ್ಟಾರ. ಮಗಳು ಕೂಸಿನ ಹೆದರಿಕಿಗೆ ಬರಂಗಿಲ್ಲ ಅಂದ್ಲು. ಯಾರ ಮುಂದೂ ಹೇಳಿಲ್ಲ. ನನ್ನ ಹೆಸರು ಹಿಡದು ನೀ ಬೇಡಿದಷ್ಟು ಯಾರೂ ಬೇಡಿಲ್ಲ ಕೃಪಾ. ಅದಕ್ಕ ನಿನಗೊಬ್ಬಾಕಿಗೆ ಹೇಳಾಕ ಬಂದೇನಿ. ಬೇಡ್ಕೋ."

ಮೊದಲು ನನಗೆ ಆದದ್ದು ಸಂತೋಷ. ಸುಳ್ಳು ಹೇಳುವುದಿಲ್ಲ, ಹೊಟ್ಟೆಯೊಳಗಿಂದ ಎದ್ದ ಸಂತೋಷ. ಕೊನೆಗೂ ದೇವರಿಗೆ ನನ್ನ ಕನ್ನಡ ತಿಳಿಯಿತು ಅಂದುಕೊಂಡೆ. ಕೈ ಎತ್ತಿ ಎರಡು ಬಿಡಬೇಕೆನಿಸಿತು. ಎತ್ತಿದರೆ ಎಲ್ಲಿ ಹೊಡೆಯುವುದು? ತೋಳು ಜೋಳದ ದಂಟಿನಷ್ಟು ಆಗಿತ್ತು. ಇಂಥವಳನ್ನು ಹೊಡೆದರೆ ನೋಡಿದವರು ನನಗೇ ಉಗುಳುತ್ತಾರೆ.

ಹೊಡೆಯುವುದೇಕೆ, ಬಾಯಿಬಿಟ್ಟರೆ ಸಾಕಿತ್ತು. ಸಂಜೆ ಕಟ್ಟೆಗೆ ಅದೇ ಉದ್ದೇಶಕ್ಕೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಯಲ್ಲಪ್ಪ ತಾನೇ ಬಂದು ಕೇಳಿದ. "ಸಾರವ್ವ ಎಲ್ಲಿ ಅಕ್ಕಾರ, ಕಾಣವಲ್ಲಳು?"

ಮಾತು ನಾಲಗೆಯ ತುದಿಗೆ ಬಂತು. ಆಗ ಒಂದು ವಿಚಾರ ಹೊಳೆಯಿತು. ಈಗ ಹೇಳಿದರೆ ಜನ ಏನನ್ನುತ್ತಾರೆ? ದೇವದಾನನಿಂದಲೇ ಆಕೆಗೆ ಹತ್ತಿತು ಅನ್ನುತ್ತಾರೆ. ಹೇಳದಿದ್ದರೂ, ಆಕೆ ಸತ್ತೇ ಹೋದರೆ? ಪಾಪ ಅಂತಾರೆ, ಮಣ್ಣು ಕೊಡುತ್ತಾರೆ. ಆಕೆ ಹೇಳಿದ ಸುಳ್ಳು ಮಾತ್ರ ಖರೆಯಾಗಿ ಉಳಿಯುತ್ತದೆ, ನನ್ನ ಗಂಡ ಬದುಕಿರುವ ತನಕ ಗೋಡೆ ನೋಡುತ್ತಾ ಕೂರುತ್ತಾನೆ. ಆ ಸುಳ್ಳನ್ನು ವಾಪಸ್ಸು ನುಂಗುವುದು ಆಕೆಯ ಬಾಯಿಗೆ ಮಾತ್ರ ಸಾಧ್ಯ. ಆ ಬಾಯಿ ಬದುಕಬೇಕು. ಗಟ್ಟಿಯಾಗಬೇಕು. ಏಟು ತಾಳುವಷ್ಟು ಗಟ್ಟಿಯಾಗಬೇಕು.

"ಮಗಳ ಮನಿಗೆ ಹೋಗ್ಯಾಳ," ಅಂದೆ. "ಲಕ್ಷ್ಮೇಶ್ವರಕ್ಕ."

ಆವತ್ತಿನಿಂದ ನಾನು ದೇವರ ಬೆನ್ನು ಬಿದ್ದೆ. ನನ್ನ ಮಕ್ಕಳು ಸಣ್ಣವರಿದ್ದಾಗ ಅವರ ಜ್ವರಕ್ಕೂ ಹಾಗೆ ಬೇಡಿರಲಿಲ್ಲ. ಅಕೀನ್ನ ಉಳಸು, ನನಗ ಬೇಕಾಗ್ಯಾಳ ಅಂದೆ. ಯಾಕೆ ಬೇಕೆಂದು ನಿನಗೆ ಗೊತ್ತು, ಮುಚ್ಚಿಡುವುದಿಲ್ಲ ಅಂದೆ. ದಿನಾ ಆಕೆಯ ಮನೆಗೆ ಹೋಗಿ, ಕಿಟಕಿ ತೆರೆದಿಟ್ಟು, ಗುಳಿಗೆ ನುಂಗುವವರೆಗೆ ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಿದ್ದೆ. ಆಮೇಲೆ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥನೆ. ಆ ಗುಳಿಗೆಗಳಿಗೆ ಆಕೆಗೆ ವಾಂತಿ ಬರುತ್ತಿತ್ತು. ಉಚ್ಚೆ ಕೆಂಪಗಾಯಿತೆಂದು ಹೆದರಿ ಒಮ್ಮೆ ಗುಳಿಗೆ ಹಾಸಿಗೆಯ ಕೆಳಗೆ ಬಚ್ಚಿಟ್ಟಳು.

"ನನ್ನ ಕೈಲೆ ಆಗಂಗಿಲ್ಲ ಕೃಪಾ. ಸಾಯ್ತೀನಿ ಬಿಡು."

"ನುಂಗು. ನೀ ಸತ್ರ ನಾ ಸುಮ್ನ ಬಿಡಂಗಿಲ್ಲ," ಅಂದೆ. ಖರೆ ಹೇಳಿದೆ. ಆಕೆ ಕಣ್ಣು ತುಂಬಿಕೊಂಡು ನುಂಗಿದಳು.

ದೇವದಾನನಿಗೆ ಎಲ್ಲವನ್ನೂ ಹೇಳಿದ್ದೆ. ಅವನು ಮರುದಿನ ನಾನು ಹೊರಟಾಗ ಬೇಯಿಸಿದ ಮೊಟ್ಟೆ ಬಟ್ಟೆಯಲ್ಲಿ ಕಟ್ಟಿಕೊಟ್ಟ. "ಬಿಸಿ ಇದ್ದಾಗ ತಿನ್ನಾಕ ಹೇಳು," ಅಂದ. ಬಾಗಿಲ ತನಕ ಬಂದು, "ಮತ್ತ ಹೊಡೀಬ್ಯಾಡ," ಅಂದ. ನನ್ನನ್ನು ಬಲ್ಲವನು ಅವನೊಬ್ಬನೇ.

ಶ್ರಾವಣ ಹೋಯಿತು, ದಸರೆ ಹೋಯಿತು. ಆಕೆಯ ಕುತ್ತಿಗೆ ತುಂಬಿಕೊಂಡಿತು. ದಿನಾ ಒಬ್ಬರ ತಲೆಯ ಮೇಲೆ ಕೈ ಇಡುವುದು ಕೆಟ್ಟ ಅಭ್ಯಾಸ, ಆ ತಲೆಯ ಬಿಸಿ ಕೈಗೆ ಗೊತ್ತಾಗಿಬಿಡುತ್ತದೆ. ಕೆಲವು ಸಂಜೆ ಸಿಟ್ಟು ಮರೆತೇ ಹೋಗುತ್ತಿತ್ತು. ಗಂಡ ಸತ್ತ ಮೇಲೆ ತನ್ನ ಮೈ ಮುಟ್ಟಿ ಮಾತಾಡಿಸಿದವರು ಯಾರೂ ಇಲ್ಲ ಎಂದು ಆಕೆ ಹೇಳಿದ ದಿನ ನನಗೂ ಅಳು ಬಂತು. ಮನೆಗೆ ಬಂದು ಬೇಕೆಂದೇ ಆ ದಿಂಬನ್ನು ನೋಡಿದೆ. ಸಿಟ್ಟು ಮತ್ತೆ ಹತ್ತಿಕೊಂಡಿತು. "ನೀ ನನ್ನ ಒಡಹುಟ್ಟಿದಾಕಿಗಿಂತ ಹೆಚ್ಚು," ಎಂದು ಸಾರವ್ವ ಒಮ್ಮೆ ಅಂದಾಗ, "ಮೊದ್ಲ ಗುಣ ಆಗು, ಆಮ್ಯಾಲ ನಿನಗ ಗೊತ್ತಾಕ್ಕೈತಿ," ಅಂದೆ.

ಕ್ರಿಸ್ಮಸ್ಸಿನ ಹಿಂದಿನ ವಾರ. ಹತ್ತಿ ಮಾರ್ಕೆಟ್ಟಿನ ಸುಗ್ಗಿ, ಕಟ್ಟೆಯ ಮುಂದೆ ಟ್ರ್ಯಾಕ್ಟರುಗಳ ಸಾಲು. ಆ ತುದಿ ಖಾಲಿಯಿದ್ದುದರಿಂದ ಬೇರೆ ದಾರಿಯಿಲ್ಲದೆ ನನ್ನ ಹತ್ತಿರ ಜನ ಬರುತ್ತಿದ್ದರು. ಮೊದಲ ಭಜಿ ಎಣ್ಣೆಗೆ ಬಿಟ್ಟ ಹೊತ್ತಿಗೆ, ಸುಗ್ಗಿಯ ಗದ್ದಲಕ್ಕೆಂದು ಕೆಲದಿನಗಳಿಂದ ಮೆಣಸಿನಕಾಯಿ ಮುಟ್ಟಿಸಿ ಹೋಗುತ್ತಿದ್ದ ದೇವದಾನ ಇನ್ನೊಂದು ಚೀಲ ತಂದು ಬುಟ್ಟಿಗೆ ಸುರಿದು, ಎಂದಿನಂತೆ ಯಾರ ಮುಖವನ್ನೂ ನೋಡದೆ ಹೊರಡುವವನಿದ್ದ. ಅಷ್ಟರಲ್ಲಿ ಸಾರವ್ವ ಬಂದಳು. ಹೊಸ ಸೀರೆ, ಕೈಯಲ್ಲಿ ಲಾಡಿನ ಡಬ್ಬಿ, ಮುಖ ಕೆಂಪಗೆ ಹೊಳೆಯುತ್ತಿತ್ತು.

"ಡಾಕ್ಟ್ರು ಎಲ್ಲಾ ಟೆಸ್ಟ್ ಮಾಡಿದ್ರು ಕೃಪಾ. ಏನೂ ಇಲ್ಲಂತ."

ಜಾಲರಿ ಸೌಟು ಕೆಳಗಿಟ್ಟೆ. "ಪೂರಾ ಗುಣ ಆತಂತೇನ?"

"ಪೂರಾ."

"ಖರೇನ? ಗುಳಗಿ ಮುಗದ್ವು?"

"ಎಲ್ಲಾ ಮುಗದ್ವು."

ಕೈ ಒರೆಸಿಕೊಂಡೆ. ಹೊಡೆದೆ. ಒಂದೇ ಏಟು. ಟ್ರ್ಯಾಕ್ಟರಿನ ಮೇಲೆ ಕುಳಿತವರು ತಿರುಗಿ ನೋಡುವಂತೆ ಬಿತ್ತು. ಲಾಡು ಕಟ್ಟೆಯ ಮೇಲೆಲ್ಲ ಉರುಳಿದವು. ಸಾರವ್ವ ಕೆನ್ನೆ ಹಿಡಿದುಕೊಂಡಳು, ಬೀಳಲಿಲ್ಲ. ಸ್ತೋತ್ರ ದೇವಾ, ಚಲೋ ಗಟ್ಟಿ ಮಾಡೀದಿ ಎಂದು ನನ್ನ ಮನಸ್ಸು ಅಂದಿತು.

ಆಕೆ ನನ್ನ ಮುಖ ನೋಡಿದಳು. "ಇದಕ್ಕೇನು ಇಷ್ಟು ದಿನ ಮೊಟ್ಟಿ ತಿನ್ನಿಸಿದಿ?"

"ಹೌದು, ಇದಕ್ಕ. ಈಗ ಹೇಳು. ನನ್ನ ಗಂಡನ ಕೆಮ್ಮು ಕೂಟದಾಗಿಂದ ಎತ್ತಿ ತಂದು ಇಲ್ಲಿ ಯಾಕ ಹರಡಿದಿ?"

ಎಣ್ಣೆಯಲ್ಲಿದ್ದ ಭಜಿಗಳು ಕರಕಲಾಗುತ್ತಿದ್ದವು.

"ನಿನ್ನ ಮಿರ್ಚಿ ಮುಂದ ನನ್ನ ಗಿರ್ಮಿಟ್ ಯಾರೂ ಕೇಳ್ತಿದ್ದಿಲ್ಲ," ಅಂದಳು ಸಾರವ್ವ. "ಹೊಟ್ಟಿಕಿಚ್ಚು. ಮತ್ತೇನಿಲ್ಲ." ಆಮೇಲೆ ಅವಳೇ ಹಮಾಲರ ಕಡೆ ತಿರುಗಿದಳು. ನಾನು ಹೇಳಿಕೊಡಲಿಲ್ಲ. "ಯಲ್ಲಪ್ಪಾ, ಎಲ್ಲಾರೂ ಕೇಳ್ರಿ. ದೇವದಾನಗ ಟಿಬಿ ಇರಲಿಲ್ಲ, ಎಂದೂ ಇದ್ದಿಲ್ಲ. ನಾ ಸುಳ್ಳು ಹೇಳಿದ್ದೆ. ಟಿಬಿ ಬಂದಿದ್ದು ನನಗ. ಈಕಿ ಗುಳಗಿ ನುಂಗಿಸಿ ಉಳಿಸಿದ್ಲು."

ಸುಮ್ಮನೆ ಬಿಡಬಹುದಿತ್ತು, ತನ್ನ ರೋಗದ ಮಾತು ಆಕೆ ಹೇಳಲೇಬೇಕಿರಲಿಲ್ಲ. ಹೇಳಿದಳು. ಹೇಳಿದ ಮೇಲೆ ನಾಳೆಯಿಂದ ತನ್ನ ಬಾಣಲೆಯ ಮುಂದೆ ಯಾರೂ ನಿಲ್ಲುವುದಿಲ್ಲವೆಂದು ಆಕೆಗೆ ಗೊತ್ತಿತ್ತು.

ದೇವದಾನ ಖಾಲಿ ಚೀಲ ಹಿಡಿದು ನಿಂತೇ ಇದ್ದ. ಯಲ್ಲಪ್ಪ ತನ್ನ ಗ್ಲಾಸು ನೋಡಿಕೊಂಡ, ಅವನನ್ನು ನೋಡಿದ. "ಅಣ್ಣಾರ, ಹಿಡೀರಿ," ಎಂದು ಅರ್ಧ ಚಹಾ ಬಗ್ಗಿಸಿ ಕೊಟ್ಟ. ನನ್ನ ಗಂಡ ಅಲ್ಲೇ, ಎಲ್ಲರ ನಡುವೆ, ಕುಡಿದ. ಕೆಮ್ಮು ಬಂತು. ಬಾಯಿ ಮುಚ್ಚಿಕೊಳ್ಳದೆ ಎದೆ ತುಂಬ ಕೆಮ್ಮಿದ. ಯಾರೂ ಸರಿಯಲಿಲ್ಲ.

ಸಾರವ್ವಳ ಜೊತೆ ನನ್ನ ಜಗಳ ಈಗ ಮೈದಾ, ಕಡಲೆಹಿಟ್ಟು, ಕಟ್ಟೆಯ ಗಡಿ, ಇಂಥವುಗಳ ಮೇಲೆ ದಿನಾ ನಡೆಯುತ್ತದೆ. ಆ ವಾರ ಅವಳ ಗಿರ್ಮಿಟ್ಟನ್ನು ಎಲ್ಲರ ಎದುರಿಗೆ ಮೊದಲು ತಿಂದವಳು ನಾನೇ. ಉಪ್ಪು ಹೆಚ್ಚಾಗಿದೆ ಎಂದು ಕೂಗಿಯೂ ಹೇಳಿದೆ.

ಅಯ್ಯನವರಿಗೆ ಏಟಿನ ಸುದ್ದಿ ಮುಟ್ಟಿ, ಮನೆಗೇ ಬಂದಿದ್ದರು. ದೇವರ ಹತ್ತಿರ ಕ್ಷಮೆ ಕೇಳಿದಿರಾ ಎಂದರು. ಇಲ್ಲರೀ ಅಂದೆ. ಈಗಲೂ ಕಂಡಾಗಲೆಲ್ಲ ಕೇಳುತ್ತಾರೆ, ಈಗಲೂ ಇಲ್ಲ ಅನ್ನುತ್ತೇನೆ. ಒಲೆ ಹೊತ್ತಿಸುವ ಮುನ್ನ ದಿನಾ ಬೆಳಿಗ್ಗೆ ದೇವರ ಜೊತೆ ಮಾತಾಡುತ್ತೇನೆ. ಎಣ್ಣೆಯ ಕಷ್ಟ, ಗಂಡನ ಎದೆ, ಸಾರವ್ವಳ ಸೊಂಟನೋವು, ಎಲ್ಲವನ್ನೂ ಅವನ ಮುಂದೆ ಇಡುತ್ತೇನೆ. ಆ ಏಟಿನ ಮಾತನ್ನು ನಾನಾಗಿ ಎತ್ತಿಲ್ಲ. ಅವನೂ ಇಲ್ಲಿಯ ತನಕ ಎತ್ತಿಲ್ಲ.